ಐವರಿಗೂ ಹೋದ ಉತ್ತರ

"ಗುರುಗಳೇ, ದೇವರನ್ನು ಕಾಣುವ ದಾರಿ ಯಾವುದು? ನನಗೊಬ್ಬನಿಗೇ ಹೇಳುತ್ತೀರಾ?"

ಇದನ್ನು ಕೇಳುವ ಮುಂಚೆ ಶಿಷ್ಯ ಬಸವಂತ ಕೋಣೆಯ ಬಾಗಿಲಿಗೆ ಅಗುಳಿ ಹಾಕಿ ಬಂದಿದ್ದ. ಹನ್ನೆರಡು ವರ್ಷ ಸೇವೆ ಮಾಡಿದವನು. ಇಂದು ಹೇಳಿಯೇ ಬಿಡುತ್ತಾರೆ ಎಂಬ ಆಸೆ ಅವನಿಗೆ. ಉಳಿದ ಶಿಷ್ಯರು ಹೊರಗೆ ಜಗಲಿಯ ಮೇಲಿದ್ದರು.

ಗುರುಗಳು ಅಗುಳಿಯನ್ನು ನೋಡಿ ನಕ್ಕರು. ಆ ನಗು ಕಂಡವರು ಪುಣ್ಯವಂತರು. "ಕೂತುಕೋ ಮಗೂ," ಎಂದು ಕತೆ ಹೇಳತೊಡಗಿದರು.

ಯುರೋಪಿನ ಒಂದು ನಗರ. ನದಿಗೆ ಸೇತುವೆ ಕಟ್ಟಿಸಲು ನಗರಸಭೆ ಟೆಂಡರ್ ಕರೆಯಿತು. ಎಲ್ಲವೂ ಕಾನೂನಿನಂತೆ ನಡೆಯುವಂತೆ ನೋಡಿಕೊಳ್ಳುವುದು ಒಬ್ಬ ವಕೀಲೆಯ ಕೆಲಸ. ಅಲ್ಲಿ ಒಂದು ಕಟ್ಟಳೆ. ಟೆಂಡರ್ ಹಾಕುವವರು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಆದರೆ ಉತ್ತರ ಎಲ್ಲರಿಗೂ ಹೋಗಬೇಕು. ಕೇಳಿದವರ ಹೆಸರು ಮಾತ್ರ ಹೊರಗೆ ಬರಕೂಡದು.

ಐವರು ಗುತ್ತಿಗೆದಾರರು ಮುಂದೆ ಬಂದರು. ಅವರಲ್ಲಿ ಒಬ್ಬನದು ಚಿಕ್ಕ ಕಂಪನಿ. ಮೂವತ್ತು ಕೆಲಸಗಾರರು ಅವನನ್ನೇ ನಂಬಿದ್ದರು. ಒಂದು ವರ್ಷದಿಂದ ಕೆಲಸವಿಲ್ಲ. ಈ ಸೇತುವೆ ಕೈತಪ್ಪಿದರೆ ಬೀಗ ಹಾಕುವುದೇ.

ಸೇತುವೆಯ ಕಂಬ ನಿಲ್ಲಿಸಬೇಕಾದ ಬಂಡೆ ನದಿಯಡಿ ನಾಲ್ಕು ಮಾರು ಆಳದಲ್ಲಿದೆ ಎಂದು ನಗರಸಭೆಯ ನಕ್ಷೆ ಹೇಳುತ್ತಿತ್ತು. ಅವನು ದೋಣಿಯಲ್ಲಿ ಹೋಗಿ ಕಬ್ಬಿಣದ ಸಲಾಕೆ ಇಳಿಸಿ ನೋಡಿದ. ನಾಲ್ಕು ಮಾರು ದಾಟಿತು. ಐದು ದಾಟಿತು. ಸಲಾಕೆ ಮರಳಿನಲ್ಲಿ ಇಳಿಯುತ್ತಲೇ ಹೋಯಿತು! ಒದ್ದೆ ಬಟ್ಟೆಯಲ್ಲೇ ವಕೀಲೆಯ ಮನೆಗೆ ಓಡಿದ.

"ಅಮ್ಮಾ, ಬಂಡೆ ಎಷ್ಟು ಆಳದಲ್ಲಿದೆ? ನನಗೊಬ್ಬನಿಗೇ ಹೇಳಿಬಿಡಿ!"

"ನನಗೂ ಗೊತ್ತಿಲ್ಲ. ಬರೆದು ಕೇಳಿ. ಕೊರೆಸಿ ನೋಡಿ ಐವರಿಗೂ ತಿಳಿಸುತ್ತೇವೆ."

"ನೀರಿಗಿಳಿದು ನೆನೆದವನು ನಾನು. ಬೆಚ್ಚಗೆ ಕೂತವರಿಗೆ ಯಾಕೆ?"

"ನೆಗಡಿ ಬೇಕಾದರೆ ನೀವೊಬ್ಬರೇ ಇಟ್ಟುಕೊಳ್ಳಿ. ಉತ್ತರ ಎಲ್ಲರದು," ಎಂದಳು ವಕೀಲೆ.

ಅವನು ಮೂರು ದಿನ ಒದ್ದಾಡಿದ. ಕೇಳಿದರೆ ತನ್ನ ಗುಟ್ಟು ಊರಿನದಾಗುತ್ತದೆ. ಕೇಳದಿದ್ದರೆ ಯಾವ ಆಳಕ್ಕೆ ದರ ಬರೆಯುವುದು? ದೇವರ ಮುಂದೆ ಮೊಣಕಾಲೂರಿ ಕುಳಿತ. ಭಗವಂತ ಕರುಣಾಳು. ನಾಲ್ಕನೆಯ ದಿನ ಅವನ ಕೈಗೆ ಲೇಖನಿ ಕೊಟ್ಟ; ಅವನು ಪ್ರಶ್ನೆ ಬರೆದು ಕಳುಹಿಸಿದ.

ನಗರಸಭೆ ಕೊರೆಸಿ ನೋಡಿತು. ಬಂಡೆ ಇದ್ದದ್ದು ಹನ್ನೊಂದು ಮಾರು ಕೆಳಗೆ! ನಕ್ಷೆ ಮಾಡಿದವರು ಬೇರೊಂದು ಸೇತುವೆಯ ಅಳತೆಯನ್ನೇ ನೋಡಿ ಬರೆದುಬಿಟ್ಟಿದ್ದರು. ವಕೀಲೆ ಅಂದೇ ಐವರಿಗೂ ಪತ್ರ ಕಳುಹಿಸಿದಳು. ಹೊಸದಾಗಿ ದರ ಬರೆಯಲು ಗಡುವನ್ನೂ ಮುಂದೂಡಿಸಿದಳು.

ಲಕೋಟೆಗಳನ್ನು ಒಡೆಯುವ ದಿನ ಬಂತು. ಒಂದು, ಎರಡು, ಮೂರು, ನಾಲ್ಕು. ಎಲ್ಲರೂ ಹನ್ನೊಂದು ಮಾರಿಗೇ ದರ ಬರೆದಿದ್ದರು. ಐದನೆಯದು ಅವನದು. ಮರಳಿನಲ್ಲಿ ಕಂಬ ನಿಲ್ಲಿಸುವುದು ಅವನ ಅಜ್ಜನ ಕಾಲದಿಂದ ಬಂದ ಕಸುಬು. ಅಳೆದು ತೂಗಿ ನೋಡಿದಾಗ ಅವನ ಟೆಂಡರೇ ಎಲ್ಲಕ್ಕಿಂತ ಉತ್ತಮವೆನಿಸಿತು. ಸೇತುವೆ ಅವನದಾಯಿತು!

ಅವನು ಮತ್ತೆ ವಕೀಲೆಯ ಬಳಿಗೆ ಓಡಿದ. "ಅಮ್ಮಾ, ಅಂದು ನನಗೊಬ್ಬನಿಗೇ ಉತ್ತರ ಸಿಕ್ಕಿದ್ದರೆ ಏನಾಗುತ್ತಿತ್ತು?"

"ನೀವೊಬ್ಬರೇ ಹನ್ನೊಂದು ಮಾರಿಗೆ ದರ ಬರೆಯುತ್ತಿದ್ದಿರಿ. ಉಳಿದವರು ನಾಲ್ಕೇ ಮಾರಿಗೆ ಕಡಿಮೆ ಬರೆದು ನಿಮ್ಮನ್ನು ಸೋಲಿಸುತ್ತಿದ್ದರು. ಆಮೇಲೆ ನದಿ ಅವರನ್ನು ಸೋಲಿಸುತ್ತಿತ್ತು."

ಕತೆ ಮುಗಿಯಿತು. ಬಸವಂತ ತಡೆಯಲಾರದೆ ಮುಂದಕ್ಕೆ ಬಾಗಿದ. "ಗುರುಗಳೇ, ಹಾಗಾದರೆ ನನ್ನ ಪ್ರಶ್ನೆಗೆ ಇಂದೇ ಉತ್ತರ ಹೇಳುತ್ತೀರಿ, ಅಲ್ಲವೇ?"

"ಹೇಳುತ್ತೇನೆ, ಕೇಳಿದವರು ಯಾರೆಂದು ಮಾತ್ರ ಹೇಳುವುದಿಲ್ಲ. ಏಳು ಮಗೂ, ಅಗುಳಿ ತೆಗೆದು ಎಲ್ಲರನ್ನೂ ಒಳಗೆ ಕರೆ."