ಅವ್ವ ಹೇಳಿದಂಗ ಇನ್ನೂರು ಕಿಲೋಮೀಟರು

ನೀಲವ್ವನಿಗೆ ಒಬ್ಬನೇ ಮಗ, ಗುರುಪಾದ. ಕಾಲು ಗಟ್ಟಿ, ತಲೆ ಮಾತ್ರ ದೇವರಿಗೇ ಪ್ರೀತಿ. ಬಾವಿ ತೋಡಲು ಹೋದರೆ ಅರ್ಧಕ್ಕೆ ಬಿಟ್ಟು ಬಂದ, ಗೋಡೆಗೆ ಸುಣ್ಣ ಬಳಿಯಲು ಹೋದರೆ ಅರ್ಧಕ್ಕೆ ಬಂದ. ಊರೆಲ್ಲ ಅವನನ್ನು ಅರ್ಧಪ್ಪ ಅಂತಲೇ ಕರೆಯುತ್ತಿತ್ತು. ಆ ಹೆಸರು ಕೇಳಿದಾಗೆಲ್ಲ ನೀಲವ್ವನ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ಊರಿಗೆ ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿ ಬಂತು. ಬೆಳಗ್ಗೆ ಆರಕ್ಕೆ ಶಾಲೆಯ ಮೈದಾನದಿಂದ ಹೊರಡಬೇಕು. ದಾರಿಯಲ್ಲಿ ಮೂರು ಕಡೆ ಟೇಬಲ್ ಹಾಕಿಕೊಂಡು ಕೂತವರಿಂದ ಕಾರ್ಡಿಗೆ ಸಿಕ್ಕಾ ಒತ್ತಿಸಿಕೊಳ್ಳಬೇಕು. ಸಂಜೆ ಏಳೂವರೆಯೊಳಗೆ ಅದೇ ಮೈದಾನಕ್ಕೆ ಬಂದು ಕಾರ್ಡು ಕೊಟ್ಟರೆ ಪದಕ.

"ಇದೊಂದರೆ ನನ್ನ ಮಗ ಪೂರಾ ಮುಗಸ್ಬೇಕು!" ನೀಲವ್ವ ಹಟ ಹಿಡಿದಳು. ತನ್ನ ತಮ್ಮ ಊರೂರು ತಿರುಗುವ ಸೈಕಲ್ಲು ಕೇಳಿ ತಂದಳು. ಹಿಂದೆ ಗಟ್ಟಿ ಕ್ಯಾರಿಯರು, ಎರಡೂ ಕಡೆ ಚೀಲ. ತಾನು ಬಸ್ಸು ಹಿಡಿದು ಟೇಬಲ್ ಟೇಬಲ್ಲಿಗೂ ಹೋಗಿ ಕಾಯುವುದೆಂದು ನಿಶ್ಚಯಿಸಿದಳು.

ಆ ದಿನ ಬೆಳಗ್ಗೆ ಹೊರಡುವಾಗ ಹೇಳಿದಳು: "ದಾರಿ ತಪ್ಪಬ್ಯಾಡ ಮಗನ. ಮುಂದಿನ ಸೈಕಲ್ಲಿನ ಹಿಂದ ಹಿಂದ ಹೋಗು!"

"ಆತು ಬೇ!"

ಹೋದ. ಮುಂದಿನ ಸೈಕಲ್ಲು ಹಾಲಿನವನದು! ಹಾಲಿನವ ಹನ್ನೊಂದು ಮನೆಗೆ ಹಾಲು ಹಾಕಿದ, ಗುರುಪಾದ ಹನ್ನೊಂದು ಮನೆ ಮುಂದೆ ನಿಂತ. ಹನ್ನೆರಡನೆಯದು ಹಾಲಿನವನ ಸ್ವಂತ ಮನೆ. ಅವನ ಹೆಂಡತಿ ಪೊರಕೆ ಎತ್ತಿದಾಗ ಇವನಿಗೆ ದಾರಿ ಕಂಡಿತು.

ಮೊದಲ ಟೇಬಲ್ಲಿನಲ್ಲಿ ನೀಲವ್ವ ಹಣೆ ಚಚ್ಚಿಕೊಂಡಳು. "ಯಾರ ಹಿಂದೂ ಹೋಗಬಾರದೋ ಹುಚ್ಚಪ್ಪ! ಮುಂದ ಏನ್ ಕಂಡ್ರೂ ಹಿಂದ ಹಾಕಿ ಹೋಗು!"

"ಆತು ಬೇ!"

ಮುಂದೆ ಕಂಡದ್ದು ನೀಲವ್ವ ಕೂತಿದ್ದ ಬಸ್ಸು! ಬಸ್ಸು ನಿಂತಾಗ ಇವನು ಮುಂದೆ, ಬಸ್ಸು ಹೊರಟಾಗ ಬಸ್ಸು ಮುಂದೆ. ಮತ್ತೆ ಇವನು, ಮತ್ತೆ ಬಸ್ಸು. "ಸಾಯ್ತಾನಲ್ಲಪ್ಪೋ ನನ್ನ ಮಗ!" ಅಂತ ಕಿಟಕಿಯಲ್ಲಿ ನೀಲವ್ವನ ಗೋಳು. ಎರಡನೇ ಟೇಬಲ್ಲು ಬರುವಷ್ಟರಲ್ಲಿ ಹಾಲಿನವ ತಿಂದ ಹೊತ್ತೆಲ್ಲ ಮರಳಿ ಸಿಕ್ಕಿತ್ತು, ಉಸಿರು ಮಾತ್ರ ಸಿಕ್ಕಿರಲಿಲ್ಲ.

"ಹಿಂಗ ಎದಿ ಒಡಕೋಬಾರದೋ! ಭಾರ ಕಡಿಮಿ ಮಾಡ್ಕೊ. ತಿನ್ನಾಕ ಕುಡಿಯಾಕ ಬೇಕಾದ್ದು ಇಟ್ಕೊ, ಉಳದಿದ್ದು ಯಾರಿಗರೆ ಕೊಟ್ಟು ಹಗುರಾಗಿ ಬಾ!"

"ಆತು ಬೇ!"

ಪಂಪು ಟೀ ಅಂಗಡಿಗೆ ಹೋಯಿತು, ಕೊಡೆ ಕುರಿಗಾರನಿಗೆ ಹೋಯಿತು. ಮೂರನೇ ಟೇಬಲ್ಲಿಗೆ ಬಂದು ಹಲ್ಲು ಕಿರಿದು ನಿಂತ.

"ಕಾರ್ಡು ಎಲ್ಲಿ?" ನೀಲವ್ವ ಕೇಳಿದಳು.

"ತಿನ್ನಾಕ ಬರಂಗಿಲ್ಲ, ಕುಡಿಯಾಕ ಬರಂಗಿಲ್ಲ. ಆ ಶೇಂಗಾದವನಿಗೆ ಕೊಟ್ಟೆ!"

ನೀಲವ್ವ ಬಿದ್ದಂಬೀಳ ಓಡಿದಳು. ಶೇಂಗಾದವನು ಕಾರ್ಡನ್ನು ಸುತ್ತಿ ಪೊಟ್ಟಣ ಮಾಡಿ, ಬಿಸಿ ಶೇಂಗಾ ಸುರಿಯುತ್ತಿದ್ದ. ಕಿತ್ತುಕೊಂಡು ಬಂದು ಸಿಕ್ಕಾ ಒತ್ತಿಸಿದಳು.

"ನೋಡೋ ಮೂಳ, ಇದು ಜೀವ ಇದ್ದಂಗ! ನನ್ನ ಕೈ ಬಿಟ್ಟು ಇನ್ನ ಯಾರ ಕೈಗೂ ಕೊಡಬ್ಯಾಡ!"

"ಆತು ಬೇ!"

ಅವನು ಹೊರಟ. ನೀಲವ್ವನ ಬಸ್ಸು ತಡವಾಗಿ ಬಂತು. ಬಂದದ್ದೂ ಊರು ಐದು ಕಿಲೋಮೀಟರ್ ಇರುವಾಗ ಪಂಕ್ಚರಾಗಿ ನಿಂತಿತು. ಕೆಳಗಿಳಿದು ನೋಡುತ್ತಾಳೆ, ಎದುರಿಗೆ ಗುರುಪಾದ! ಊರಿನ ಕಡೆಯಿಂದ ವಾಪಸ್ ಬರುತ್ತಿದ್ದಾನೆ!

"ಮೈದಾನದಾಗ ಕಾರ್ಡು ಕೇಳಿದ್ರು ಬೇ. ಕೊಡಲಿಲ್ಲ. ತಗೋ, ನಿನ್ನ ಕೈಗೇ ತಂದೆ!"

ನೀಲವ್ವ ಕಾರ್ಡು ಕಸಿದುಕೊಂಡಳು. ಮುಗಿಸಿದವನು ಮತ್ತೆ ಅರ್ಧಪ್ಪನಾಗಿ ನಿಂತಿದ್ದ! ಗಂಟೆ ಏಳು ಹೊಡೆದು ಹತ್ತು ನಿಮಿಷ. ಅಳಲಿಕ್ಕೂ ಹೊತ್ತಿಲ್ಲ. ಸೆರಗು ಕಟ್ಟಿ ಕ್ಯಾರಿಯರ್ ಹತ್ತಿದಳು.

"ತುಳಿಯೋ! ನಾ ಇಳಿ ಅನ್ನೂತನಕ ಇಳೀಬ್ಯಾಡ!"

"ಆತು ಬೇ!"

ತುಳಿದ. ಬೆಳಗಿನಿಂದ ತುಳಿದ ಕಾಲು, ಬೆನ್ನ ಹಿಂದೆ ಅವ್ವನ ಭಾರ, ಆದರೂ ತುಳಿದ. ಮೈದಾನ ಬಂತು. ನೀಲವ್ವ ಹಾರಿ ಇಳಿದು ಕಾರ್ಡು ಚಾಚಿದಳು. ಎರಡು ನಿಮಿಷ ಉಳಿದಿತ್ತು. ಸಿಕ್ಕಾ ಬಿತ್ತು!

"ಪೂರಾ ಆತ್ರಿ!" ಅಂದರು ಟೇಬಲ್ಲಿನವರು. ನೀಲವ್ವನ ಕಣ್ಣಲ್ಲಿ ನೀರು ಬಂತು.

ಗುರುಪಾದ ಮಾತ್ರ ಮೈದಾನ ಸುತ್ತುತ್ತಲೇ ಇದ್ದ.

"ಪದಕ ಹಾಕೋಣು, ಇಳಿಯೋ ತಮ್ಮಾ!"

"ನಮ್ಮವ್ವ ಅಂದಿಲ್ರಿ!"

ನೀಲವ್ವ ಕಣ್ಣೊರೆಸಿಕೊಂಡು ಕೂಗಿದಳು: "ಇಳಿಯೋ ನನ್ನ ರಾಜಾ!"

ಆ ಕ್ಷಣವೇ ಹಾರಿ ಇಳಿದ. ಸೈಕಲ್ಲು ಒಂದೇ ಮುಂದೆ ಓಡಿ ಟೇಬಲ್ಲಿಗೆ ಗುದ್ದಿತು. ಪದಕವೆಲ್ಲ ಚೆಲ್ಲಾಪಿಲ್ಲಿ!

"ನಿಲ್ಲಿಸಿ ಇಳೀಬೇಕಲ್ಲೋ!" ಟೇಬಲ್ಲಿನವರು ಕೂಗಿದರು.

"ನಿಲ್ಲಸು ಅಂತ ಯಾರಂದ್ರಿ?"

ಬುದ್ಧಿ ಹೇಳಲು ನೀಲವ್ವ ಬಾಯಿ ತೆರೆದಳು. ಬೇಡ ಅನಿಸಿ ಮುಚ್ಚಿದಳು. ಮಣ್ಣಿನಲ್ಲಿ ಬಿದ್ದಿದ್ದ ಒಂದು ಪದಕ ಹೆಕ್ಕಿ, ಸೆರಗಿನಿಂದ ಒರೆಸಿ, ಮಗನ ಕೊರಳಿಗೆ ಹಾಕಿದಳು.