ತಟ್ಟೆಯ ಮೊದಲ ತುತ್ತು

ಮರುದಿನ ಹಡಗು ಹತ್ತಬೇಕಾಗಿದ್ದ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: “ಗುರುಗಳೇ, ಪರದೇಶದ ಊಟದ ಮನೆಗಳಲ್ಲಿ ನಮ್ಮ ಆಚಾರಕ್ಕೆ ಒಗ್ಗದ್ದು ನಡೆದರೆ ನಾನೇನು ಮಾಡಬೇಕು?”

“ಹಸಿದಿದ್ದರೆ ಉಣ್ಣಬೇಕು,” ಎಂದರು ಗುರುಗಳು. ಶಿಷ್ಯನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಅವನು ಏಳದೆ ಕುಳಿತದ್ದನ್ನು ಕಂಡು ಗುರುಗಳು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಏಲಕ್ಕಿ ಮೂಟೆಗಳೊಡನೆ ಕಡಲು ದಾಟಿ ಹೋದ. ಹನ್ನೆರಡು ದಿನ ಹಡಗಿನಲ್ಲಿ ಬರೀ ಅವಲಕ್ಕಿ ತಿಂದಿದ್ದ. ಬಂದರಿನಲ್ಲಿ ಇಳಿದವನೇ ಅನ್ನದ ವಾಸನೆ ಹಿಡಿದು ಒಂದು ಖಾನಾವಳಿಗೆ ನುಗ್ಗಿದ. ಅದನ್ನು ನಡೆಸುತ್ತಿದ್ದವಳು ಒಬ್ಬ ಮುದುಕಿ. ಬಿಸಿ ಅನ್ನ, ಸೊಪ್ಪಿನ ಸಾರು ಬಡಿಸಿದಳು. ಅವನ ಹೊಟ್ಟೆ ತಾಳ ಹಾಕುತ್ತಿತ್ತು. ಕೈ ಚಾಚುವಷ್ಟರಲ್ಲಿ ಮುದುಕಿ ಎದುರಿಗೇ ಕುಳಿತು, ಅವನ ತಟ್ಟೆಯಿಂದ ಒಂದು ತುತ್ತು ತೆಗೆದು ತಾನೇ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ತಟ್ಟೆಯನ್ನು ಅವನ ಕಡೆಗೆ ಸರಿಸಿ ನಕ್ಕಳು.

ಎಂಜಲು! ವ್ಯಾಪಾರಿಯ ಮೈ ಉರಿಯಿತು. ಬೇರೆ ತಟ್ಟೆ ತರುವಂತೆ ಸನ್ನೆ ಮಾಡಿದ. ಅವಳು ತಂದಳು, ಅದರಿಂದಲೂ ಒಂದು ತುತ್ತು ತಿಂದಳು. ವ್ಯಾಪಾರಿ ದಡಕ್ಕನೆ ಎದ್ದು ಹೊರಟೇಬಿಟ್ಟ. ಏಳಬೇಡವೆಂದು ಹೊಟ್ಟೆ ಹೇಳಿತು, ಮಡಿ ಕೇಳಲಿಲ್ಲ. ಅದನ್ನು ನೋಡಿ ಉಣ್ಣುತ್ತಿದ್ದ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಮುದುಕಿ ಒಲೆಗೆ ನೀರು ಸುರಿದಳು.

ಬೀದಿಯಲ್ಲಿ ಆ ಊರಿನ ಅಂಬಿಗನೊಬ್ಬ ಅವನ ತೋಳು ಹಿಡಿದ. ಕೆಲವು ವರ್ಷ ನಮ್ಮ ಕರಾವಳಿಯಲ್ಲಿದ್ದು ನಮ್ಮ ಮಾತು ಕಲಿತವನು ಅವನು.

“ಏನು ಮಾಡಿದಿರಿ, ಧಣಿಗಳೇ! ಗುರುತಿಲ್ಲದವರ ಕೈಯ ಅನ್ನ ಉಣ್ಣಲು ಯಾರಿಗಾದರೂ ಅಳುಕು. ಅದಕ್ಕೇ ನಮ್ಮಲ್ಲಿ ಪರವೂರಿನವರಿಗೆ ಬಡಿಸಿದರೆ ಅಡುಗೆ ಮಾಡಿದವರೇ ಮೊದಲು ಉಣ್ಣುತ್ತಾರೆ. ಅನ್ನದಲ್ಲಿ ಕೇಡಿದ್ದರೆ ಮೊದಲು ತಮಗೆ ತಗಲಲಿ ಎಂದು. ಆಮೇಲೂ ಎದ್ದು ಹೋದರೆ, ಅನ್ನದಲ್ಲಿ ವಿಷವಿದೆ ಎಂದು ಊರಿಗೇ ಸಾರಿದ ಹಾಗೆ. ಎದ್ದವರೇ ಬಂದು ಉಣ್ಣುವ ತನಕ ಅವಳು ಒಲೆ ಹಚ್ಚುವಂತಿಲ್ಲ. ನೀವು ಉಣ್ಣದೆಯೇ ಊರಿಗೆ ಮರಳಿದರೆ ಅವಳ ಬದುಕು ಮುಗಿಯಿತು.”

ವ್ಯಾಪಾರಿ ನಾಚಿಕೆಯಿಂದ ಕುಗ್ಗಿಹೋದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ತಾಯಿ ಗಂಜಿಯನ್ನು ತನ್ನ ಬಾಯಿಗೆ ಹಾಕಿಕೊಂಡು ಬಿಸಿ ನೋಡಿ ಕುಡಿಸುತ್ತಿದ್ದಳು. ಆ ತಾಯಿ ಹೋದ ಮೇಲೆ ಅವನಿಗಾಗಿ ಮೊದಲು ನುಂಗಿ ನೋಡಿದವಳು ಈ ಮುದುಕಿಯೊಬ್ಬಳೇ. ಅದೂ ಅವನ ಹೆಸರನ್ನು ಸಹ ಕೇಳದೆ. ಕಣ್ಣು ತುಂಬಿಕೊಂಡೇ ಅವನು ಹಿಂದಕ್ಕೆ ಓಡಿದ.

ಮುದುಕಿ ಒದ್ದೆ ಒಲೆಯ ಮುಂದೆ ಕುಳಿತಿದ್ದಳು. ಇವನು ಬಂದು ಮೊದಲಿನ ಜಾಗದಲ್ಲೇ ಕುಳಿತ. ಅವಳು ಆರಿಹೋದ ಅನ್ನವನ್ನೇ ಬಡಿಸಿದಳು, ಆದರೆ ತಟ್ಟೆಗೆ ಕೈಯಿಡಲು ಅಂಜಿದಳು. ಅವನೇ ತಟ್ಟೆಯನ್ನು ಅವಳ ಕಡೆಗೆ ಸರಿಸಿ, “ಮೊದಲು ನೀನು, ತಾಯಿ,” ಎಂದ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುದುಕಿ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡಳು.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: “ಅವಳ ಮಾತು ಅವನಿಗೆ ಬಾರದು. ಅವಳ ಉಪಕಾರವನ್ನು ನೆನೆದೆನೆಂದು ಹೇಗೆ ತಿಳಿಸಿದ, ಗುರುಗಳೇ?”

“ಅವಳ ಬೆರಳು ಬಿದ್ದ ಜಾಗದಿಂದಲೇ ಉಣ್ಣತೊಡಗಿದ.”