ಕೊಸರಿಗೆ ಬಂದ ಹಲಗೆ

ತುಂಗಭದ್ರೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಪಂಪಜ್ಜ ಗುರು, ಅಡಿವೆಯ್ಯ ಶಿಷ್ಯ. ಇದು ತಿರುವುಮುರುವಾಗಿ ಇರಬೇಕಿತ್ತೇನೋ ಎಂದು ಅಡಿವೆಯ್ಯನಿಗೆ ಒಂಬತ್ತು ವರ್ಷಗಳಲ್ಲಿ ಅನ್ನಿಸಿದ್ದು ಎರಡು ಮೂರು ಸಲ ಮಾತ್ರ.

ಆ ವರ್ಷ ಹೊಳೆಯಾಚೆಯ ಊರಿನವರು ಶ್ರಾವಣದ ಪ್ರವಚನಕ್ಕೆ ಒಬ್ಬರನ್ನು ಕಳಿಸಿಕೊಡಿ ಎಂದು ಕೇಳಿದ್ದರು. ಒಂಬತ್ತು ವರ್ಷ ಕಸ ಗುಡಿಸಿ, ಒಲೆ ಊದಿ, ಗ್ರಂಥಗಳನ್ನು ಬಾಯಿಪಾಠ ಮಾಡಿದ್ದ ಅಡಿವೆಯ್ಯ, ಅವರು ಕೇಳುವ ಮೊದಲೇ ಸಿದ್ಧನಾಗಿದ್ದ.

“ನಾ ಹೋಗ್ಲೇನ್ರೀ ಅಜ್ಜಾರ?”

“ಗ್ರಂಥ ಇಡಾಕ ಸಣ್ಣದೊಂದು ಮೇಜು ಬೇಕಲ್ಲ,” ಎಂದ ಪಂಪಜ್ಜ. “ಗುಜರಿ ಕಟ್ಟಿಗಿಯೊಳಗ ನೀನ ಮಾಡು. ಅದು ನಿಂತರ ನೀ ಹೊರಡು.”

“ನಿಲ್ಲಲಿಲ್ಲಂದ್ರ?”

“ಶ್ರಾವಣ ವರ್ಷಾ ಬರತೈತಿ.”

ಅಡಿವೆಯ್ಯ ಒಳಗೊಳಗೇ ನಕ್ಕ. ಆಶ್ರಮದ ಬಾಗಿಲು ಕಿಟಕಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಅವನೇ. ಒಂದು ಮೇಜು ಏನು ಮಹಾ?

ಗುಜರಿ ಅಂಗಡಿಯ ಖಾಸಿಂಬಿ ಹಳೆಯ ಕಟ್ಟಿಗೆಯ ರಾಶಿ ತೋರಿಸಿದಳು. ಅಡಿವೆಯ್ಯ ಒಂದೊಂದನ್ನೇ ಬೆರಳ ತುದಿಯಿಂದ ಎತ್ತಿ ಕೇಳಿದ.

“ಇದು ಯಾತರದು?”

“ಚಕ್ಕಡಿದು.”

“ಇದು?”

“ಸೆರೆ ಕುಡಿಯೋ ಅಂಗಡಿ ಬೆಂಚು.”

ಅಡಿವೆಯ್ಯ ಅದನ್ನು ಬಿಟ್ಟು ಧೋತರಕ್ಕೆ ಕೈ ಒರೆಸಿಕೊಂಡ.

“ಸ್ವಾಮೇರ,” ಎಂದಳು ಖಾಸಿಂಬಿ, “ನೀವು ಕಟ್ಟಿಗಿ ನೋಡಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ? ಕುಲಗೋತ್ರ ಕೇಳಾಕತ್ತೀರಲ್ಲ!”

ಕೊನೆಗೆ ಅವನಿಗೆ ಒಪ್ಪುವ ಸಂಬಂಧ ಸಿಕ್ಕಿತು. ಜೀರ್ಣೋದ್ಧಾರವಾದ ಗುಡಿಯೊಂದರ ಹಳೆಯ ಬಾಗಿಲು, ಅದೇ ಗುಡಿಯ ಪಲ್ಲಕ್ಕಿಯ ಮುರಿದ ದಂಡಿಗೆ. ಬಾಗಿಲ ಮೇಲೆ ಅರ್ಧ ಕಮಲ ಬೇರೆ ಉಳಿದಿತ್ತು.

“ಇದನ್ನೂ ಒಯ್ಯಿರಿ, ಕೊಸರು,” ಎಂದು ಖಾಸಿಂಬಿ ಕರೀ ಹಲಗೆಯೊಂದನ್ನು ಹೊರೆಯ ಮೇಲೆ ಹಾಕಿದಳು. “ದೊಡ್ಡ ಮನೆಯವರ ಹಿತ್ತಲ ಸಂಡಾಸದ ಬಾಗಿಲು. ನಲವತ್ತು ಮಳೆಗಾಲ ತಿಂದೈತಿ.”

ಕೊಂಡದ್ದರ ಮೇಲೆ ಪುಕ್ಕಟೆ ಕೊಡುವ ಕೊಸರನ್ನು ಬೇಡವೆನ್ನುವುದು ಆ ಸೀಮೆಯಲ್ಲಿ ಅಪಮಾನ. ಅಡಿವೆಯ್ಯ ಅದನ್ನು ಹೊತ್ತು ತಂದು ಆಶ್ರಮದ ಬೇಲಿಯ ಹೊರಗೆ ಒರಗಿಸಿ, ಹೊಳೆಯಲ್ಲಿ ಮುಳುಗಿ ಎದ್ದು ಒಳಗೆ ಬಂದ.

ಗುಡಿಯ ಬಾಗಿಲಿನಲ್ಲಿ ಗರಗಸ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ದೇವರ ದಯೆ ಎಂದುಕೊಂಡ. ಸಣ್ಣ ಸಣ್ಣ ತೂತುಗಳಿಂದ ಹುಡಿ ಉದುರಿತು. ಎಷ್ಟಾದರೂ ಗುಡಿಯದು; ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡ.

ಮೂರನೆಯ ದಿನ ಮೇಜು ಸಿದ್ಧವಾಯಿತು. ನಾಲ್ಕು ಕಾಲು, ನಡುವೆ ಅರ್ಧ ಕಮಲ, ಮೇಲೆ ಎಣ್ಣೆಯ ಹೊಳಪು.

“ಚೆಂದ ಐತಿ,” ಎಂದ ಪಂಪಜ್ಜ. ತುಂಬಿದ ಕೊಡವನ್ನು ತಂದು ಕಮಲದ ಮೇಲೆ ಇಟ್ಟ.

ಮೇಜು ಹಪ್ಪಳದಂತೆ ಮುರಿಯಿತು. ಕೊಡ ಉರುಳಿತು. ಹಲಗೆಯ ಹೊಟ್ಟೆಯಿಂದ ಗೆದ್ದಲು ಹುಳುಗಳು ಹೊರಬಂದು ಅತ್ತಿತ್ತ ನೋಡಿದವು.

“ನಾ ಮಾಡಿದ್ದು ಗ್ರಂಥ ಇಡಾಕ್ರೀ ಅಜ್ಜಾರ!” ಅಡಿವೆಯ್ಯ ಉರುಳಿದ ಕೊಡವನ್ನು ಎತ್ತಿ ನಿಲ್ಲಿಸಿದ. “ಕೊಡ ಇಡಾಕಲ್ಲ!”

“ಗ್ರಂಥ ಹಗರು ಅಂತ ನಿನಗ ಯಾರು ಹೇಳಿದ್ರು?”

ಶ್ರಾವಣಕ್ಕೆ ನಾಲ್ಕೇ ದಿನವಿತ್ತು. ಅಡಿವೆಯ್ಯ ಹಣೆಯ ಹುಡಿಯನ್ನು ಸದ್ದಿಲ್ಲದೆ ಒರೆಸಿಕೊಂಡ.

“ಇನ್ನೊಂದು ಸಲ ನೋಡೋಣು,” ಎಂದ ಪಂಪಜ್ಜ. “ಕಣ್ಣು ಮುಚ್ಚು. ಈಗ ಕುಲಗೋತ್ರ ಕೇಳಬ್ಯಾಡ. ಕಟ್ಟಿಗಿ ಏನ ಹೇಳತೈತಿ, ಅದನ್ನ ಕೇಳು.”

ಅಡಿವೆಯ್ಯ ಕಣ್ಣು ಮುಚ್ಚಿದ. ಪಂಪಜ್ಜ ಉಳಿದಿದ್ದ ಗುಡಿಯ ಕಟ್ಟಿಗೆಯಲ್ಲಿ ಒಂದನ್ನು ಬೆರಳ ಗೆಣ್ಣಿನಿಂದ ಬಡಿದ. ಡಬ್ ಎಂದಿತು.

“ಪೊಳ್ಳು,” ಎಂದ ಅಡಿವೆಯ್ಯ.

ಇನ್ನೊಂದನ್ನು ಬಡಿದ.

“ಅದೂ ಪೊಳ್ಳರೀ.”

ಪಂಪಜ್ಜನ ಹೆಜ್ಜೆಗಳು ದೂರ ಹೋಗಿ ಮರಳಿ ಬಂದವು. ಈ ಸಲ ಬಡಿದದ್ದು ಟಣ್ ಎಂದಿತು.

“ಇದ! ಇದ ಬೇಕ್ರೀ ಅಜ್ಜಾರ! ಗಂಟಿ ಬಾರಿಸಿದಂಗ ಐತಿ.”

ಕಣ್ಣು ಬಿಟ್ಟ. ಎದುರಿಗೆ ಕರೀ ಹಲಗೆ ನಿಂತಿತ್ತು.

ಅಡಿವೆಯ್ಯ ನಾಲ್ಕು ಶಾಸ್ತ್ರಗಳಲ್ಲಿ ಹುಡುಕಿದರೂ ಈ ಸಂದರ್ಭಕ್ಕೆ ಸರಿಯಾದ ವಾಕ್ಯ ಸಿಗಲಿಲ್ಲ. ಸಿಗದೇ ಹೋದದ್ದರಿಂದ ಗರಗಸ ತೆಗೆದುಕೊಂಡ.

ಈ ಹಲಗೆ ಬೆಣ್ಣೆಯಾಗಿರಲಿಲ್ಲ. ಎರಡು ಸಲ ಗರಗಸದ ಹಲ್ಲು ಮಸೆಯಬೇಕಾಯಿತು. ಉಜ್ಜುಗೊರಡು ಹೊಡೆದಾಗ ಕರೀ ಪದರದ ಕೆಳಗೆ ಜೇನಿನ ಬಣ್ಣದ ಸಾಗವಾನಿ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಅವನು ಕೈ ತೊಳೆಯುವುದನ್ನು ಮರೆತಿದ್ದ. ಸಂಜೆಯ ಹೊತ್ತಿಗೆ ಸಿಳ್ಳು ಹಾಕುತ್ತಿದ್ದ.

ಚಿಲಕದ ತೂತು ಮಾತ್ರ ಮೇಲ್ಭಾಗದಲ್ಲೇ ಉಳಿಯಿತು.

“ಇದಕ್ಕೊಂದು ಬಿಲ್ಲಿ ಬಡದು ಮುಚ್ಚಲೇನ್ರೀ?”

“ಯಾಕ? ಊದಿನಕಡ್ಡಿ ಸಿಗಸಾಕ ಚಲೋ ಆತು.”

ಮೂರನೆಯ ದಿನ ಪಂಪಜ್ಜ ಕೊಡ ತರಲಿಲ್ಲ. ತಾನೇ ಮೇಜಿನ ಮೇಲೆ ಹತ್ತಿ ನಿಂತು, ಹೊಳೆಯ ಕಡೆ ತಿರುಗಿ, ಸಾವಕಾಶವಾಗಿ ಶಾಲು ಝಾಡಿಸಿ ಮತ್ತೆ ಹೊದ್ದುಕೊಂಡ. ಮೇಜು ಮಿಸುಕಲಿಲ್ಲ.

“ಹೊರಡು,” ಎಂದು ಕೆಳಗಿಳಿದ.

ಅಡಿವೆಯ್ಯ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ, ಮೇಜನ್ನು ಹೆಗಲಿಗೇರಿಸಿ ದೋಣಿಯವರೆಗೆ ನಡೆದ. ಅಲ್ಲಿ ನಿಂತುಬಿಟ್ಟ.

“ಅಜ್ಜಾರ, ಅಲ್ಲಿ ಯಾರಾದರೂ ಇದು ಯಾತರ ಕಟ್ಟಿಗಿ ಅಂತ ಕೇಳಿದರ?”

“ಇದ್ದದ್ದು ಹೇಳು.”

“ಹೇಳತೀನ್ರೀ. ಆದರ ಮುಂದಿನ ಸಾಲಿನ ದೊಡ್ಡ ಮಂದಿ ಮೂಗು ಮುಚ್ಚಿಕೊಂಡು ಎದ್ದು ಹೋದರ?”

ಪಂಪಜ್ಜ ದೋಣಿಯ ಹಗ್ಗ ಬಿಚ್ಚಿದ.

“ಜಾಗ ಆತಲ್ಲ. ಹಿಂದ ನಿಂತೋರನ್ನ ಮುಂದಕ್ಕ ಕರಿ.”